ಸೆಂಟ್ರಲ್ ಕಾಲೇಜು ಮೈದಾನ: ಚಿನ್ನಸ್ವಾಮಿಗೂ ಮುಂಚಿನ ಕಥೆ

ಬೆಂಗಳೂರಿನ ಕ್ರಿಕೆಟ್ ಅಂದ್ರೆ ಚಿನ್ನಸ್ವಾಮಿ ಕ್ರೀಡಾಂಗಣ ಅಂತಲೇ ನಮ್ಮ ತಲೆಮಾರು ಬೆಳೆದಿದೆ. ಅದಕ್ಕೂ ಮೊದಲು ಮೈಸೂರು ರಣಜಿ ತಂಡದ ಮುಖ್ಯ ತವರು ಮೈದಾನವಾಗಿದ್ದದ್ದು ಒಂದು ಕಾಲೇಜಿನ ಅಂಗಳ: ಸೆಂಟ್ರಲ್ ಕಾಲೇಜು ಮೈದಾನ.

ಯಾರದ್ದು ಈ ಜಾಗ?

1858ರಲ್ಲಿ ಬೆಂಗಳೂರು ಹೈಸ್ಕೂಲ್ ಆಗಿ ಶುರುವಾದ ಸಂಸ್ಥೆ 1875ರಲ್ಲಿ ಸೆಂಟ್ರಲ್ ಕಾಲೇಜಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಭಾಗವಾಯಿತು, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಬುನಾದಿಯಾಯಿತು. ಪ್ರಸನ್ನ, ಚಂದ್ರಶೇಖರ್ 1960ರ ದಶಕದಲ್ಲಿ ಮೈಸೂರು ತಂಡಕ್ಕೆ ಕಾಲಿಟ್ಟಾಗ ಬೆಂಗಳೂರಿನ ದೊಡ್ಡ ಪಂದ್ಯಗಳು ನಡೀತಿದ್ದದ್ದು ಇಲ್ಲೇ.

ಆಟದ ಜೊತೆ ರಾಜಕೀಯ

ಇದೇ ಕಾಲೇಜಿನಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ ಭೌತಶಾಸ್ತ್ರ ಓದುತ್ತಿದ್ದರು. 1935ರಲ್ಲಿ ಓದಿಗಾಗಿ ಊರಿಂದ ಬೆಂಗಳೂರಿಗೆ ನಡೆದೇ ಬಂದವರು. 1942ರಲ್ಲಿ ಕ್ವಿಟ್ ಇಂಡಿಯಾ ಕರೆ ಬಂದಾಗ ತರಗತಿ ಬಿಟ್ಟು ಜೈಲಿಗೆ ಹೋದರು. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು.

ಎರಡು ವಲಸೆಗಳು

ನರಸಿಂಹಯ್ಯನವರ ಕಾಲದಲ್ಲೇ ವಿಶ್ವವಿದ್ಯಾಲಯದ ವಿಭಾಗಗಳು ಊರಾಚೆಯ ಜ್ಞಾನಭಾರತಿಗೆ ಹೋಗತೊಡಗಿದವು. ಅದೇ ಹೊತ್ತಿಗೆ ಕ್ರಿಕೆಟ್ ಕೂಡ ಹೊರಟಿತು. ಕ್ರಿಕೆಟ್ ಸಂಸ್ಥೆಯ ಹೊಸ ಕ್ರೀಡಾಂಗಣದಲ್ಲಿ 1974ರ ನವೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಟೆಸ್ಟ್ ನಡೆಯಿತು. ರಿಚರ್ಡ್ಸ್, ಗ್ರೀನಿಜ್ ಇಬ್ಬರೂ ಟೆಸ್ಟ್ ಆಟ ಶುರು ಮಾಡಿದ್ದು ಅಲ್ಲೇ. ಆಟಕ್ಕೆ ದೊಡ್ಡ ಸ್ಟ್ಯಾಂಡು ಬೇಕಿತ್ತು, ನಿಜ. ಆದರೆ ಊರಿನ ಜನ ಪಂದ್ಯ ನೋಡೋಕೆ ಕಾಲೇಜಿನ ಅಂಗಳಕ್ಕೆ ಬರುತ್ತಿದ್ದ ರೂಢಿ ಅಲ್ಲಿಗೆ ಮುಗಿಯಿತು.

ಈಗ ಯಾಕೆ ಈ ಮಾತು?

2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಯಿತು. ಸೆಂಟ್ರಲ್ ಕಾಲೇಜು ಆವರಣ ನಗರದ ಹೊಸ ವಿಶ್ವವಿದ್ಯಾಲಯಕ್ಕೆ ಸಿಕ್ಕಿತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಾಲೇಜುಗಳು ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದವು. ಆಡಳಿತ ಹತ್ತಿರ ಬಂದಿದ್ದು ಒಳ್ಳೆಯದೇ. ಆದರೆ ಕಾಲೇಜು ಹಂಚೋದು ಸುಲಭ, ನೂರೈವತ್ತು ವರ್ಷದ ಅಂಗಳ ಹಂಚೋಕಾಗಲ್ಲ. ಹೊಸ ವಿಶ್ವವಿದ್ಯಾಲಯ ಕೊಡುವಾಗ ಪರೀಕ್ಷಾ ವಿಭಾಗದ ಜೊತೆ ಮೈದಾನವನ್ನೂ ಕೇಳಬೇಕು ಅಂತ ನನ್ನ ವಾದ. ಆಡೋಕೆ, ಹಾಡೋಕೆ, ಸಭೆ ಸೇರೋಕೆ ಜಾಗ ಇಲ್ಲದಿದ್ದರೆ ವಿಶ್ವವಿದ್ಯಾಲಯ ಬರೀ ಅಂಕಪಟ್ಟಿ ಕೊಡೋ ಕಚೇರಿಯಾಗುತ್ತೆ.