ಸಿದ್ದಿ ಸಮುದಾಯ (ಕರ್ನಾಟಕ)

ಪೋರ್ಚುಗೀಸರ ಗುಲಾಮ ವ್ಯಾಪಾರದ ಮೂಲಕ ಆಫ್ರಿಕಾದ ಪೂರ್ವ ಭಾಗದಿಂದ, ಮುಖ್ಯವಾಗಿ ಮೊಜಾಂಬಿಕ್ ಕಡೆಯಿಂದ, ಗೋವೆಗೆ ಬಂದವರ ವಂಶಸ್ಥರು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ ಈ ಸಾಗಾಟ ಶತಮಾನಗಳ ಕಾಲ ನಡೆಯಿತು. ಬ್ರೆಜಿಲ್‌ನ ಗುಲಾಮರು ಕಾಡಿಗೆ ತಪ್ಪಿಸಿಕೊಂಡು ಊರು ಕಟ್ಟಿಕೊಂಡಂತೆ, ಇಲ್ಲಿ ಒಡೆಯರ ಕೈಯಿಂದ ಪಾರಾದವರು ಘಟ್ಟದ ಕಾಡು ಸೇರಿದರು. ಈಸ್ಟ್ ಇಂಡಿಯಾ ಕಂಪನಿ ಆಡಳಿತದ ಭಾರತದಲ್ಲಿ 1843ರ ಕಾಯಿದೆ ಗುಲಾಮಗಿರಿಗಿದ್ದ ಕಾನೂನಿನ ಆಸರೆಯನ್ನು ತೆಗೆಯಿತು. ಆದರೆ ಕಾಡಿನಂಚಿನಲ್ಲಿ ಸಾಲಕ್ಕೆ ದುಡಿಯುವ ಜೀತ ಅಷ್ಟು ಬೇಗ ಹೋಗಲಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ಇವರ ಸಂಖ್ಯೆ ಹೆಚ್ಚು. ಧಾರವಾಡದ ಕಲಘಟಗಿ, ಬೆಳಗಾವಿಯ ಖಾನಾಪುರದ ಕಡೆಯೂ ಇದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರುಂಟು. ಮನೆಮಾತು ಕೊಂಕಣಿ ಬೆರೆತದ್ದು, ಪೇಟೆಗೆ ಬಂದರೆ ಕನ್ನಡ. ತೊಗಲಿನ ಡಮಾಮಿ ವಾದ್ಯ ಮತ್ತು ಅದರ ಕುಣಿತ ಹೆಸರಾಗಿವೆ.

ಹೊರಗಿನವರ ಕಣ್ಣು ಡಮಾಮಿಯ ಮೇಲೆಯೇ ನೆಟ್ಟಿದೆ, ನೋಡಬೇಕಾದದ್ದು ಕೌದಿ. ಗದಗ, ಮುಂಡರಗಿಯ ಮನೆಗಳಲ್ಲೂ ಹಳೆ ಸೀರೆಯ ಕೌದಿ ಹೊಲಿಯುತ್ತಾರೆ, ನಿಜ. ಸಿದ್ದಿ ಹೆಂಗಸು ಮಾತ್ರ ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾಳೆ. ತುಂಡುಗಳನ್ನು ಸಾಲುಹೊಲಿಗೆಯಲ್ಲಿ ಕೂಡಿಸಿ, ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ 'ಫುಲಾ' ಇಡುತ್ತಾಳೆ. ಫುಲಾ ಇಲ್ಲದ ಕೌದಿ ಅವರ ಲೆಕ್ಕದಲ್ಲಿ ಬತ್ತಲೆ.

ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಧಾರವಾಡ, ಬೆಳಗಾವಿ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಈ ಸಮುದಾಯದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು.