ವಿಲಿಯಮ್‌ಸನ್ನರ ಹದಿನೈದು ವಾಟ್

1947ರ ಫೆಬ್ರವರಿಯಲ್ಲಿ ಇಂಗ್ಲೆಂಡು ಹಿಮದಲ್ಲಿ ಹೂತುಹೋಗಿತ್ತು. ಯುದ್ಧದಲ್ಲಿ ಗೆದ್ದ ದೇಶವೇ ಆದರೂ ಅಲ್ಲಿ ರೊಟ್ಟಿಗೂ ಪಡಿತರ. ಗಣಿಗಳಿಂದ ಕಲ್ಲಿದ್ದಲು ಸಾಗದೆ, ಮನೆಗಳಿಗೆ ಹಗಲಿನಲ್ಲಿ ಐದು ಗಂಟೆ ವಿದ್ಯುತ್ತನ್ನು ನಿಲ್ಲಿಸಿದ್ದರು. ಆ ಹಿಮ ಕರಗಿದ ಮೇಲೆ, ಏಪ್ರಿಲ್ ಮತ್ತು ಮೇ ತಿಂಗಳ ಸಂಚಿಕೆಗಳಲ್ಲಿ, ‘ವೈರ್‌ಲೆಸ್ ವರ್ಲ್ಡ್’ ಎಂಬ ಮಾಸಪತ್ರಿಕೆ ಎರಡು ಕಂತಿನ ಲೇಖನವೊಂದನ್ನು ಅಚ್ಚುಮಾಡಿತು. ಮನೆಯಲ್ಲಿ ಕುಳಿತು ಸಂಗೀತ ಕೇಳುವವನು ತನ್ನ ಕೈಯಿಂದಲೇ ಒಂದು ಉತ್ತಮ ದರ್ಜೆಯ ಆಂಪ್ಲಿಫೈಯರನ್ನು ಕಟ್ಟಿಕೊಳ್ಳುವುದು ಹೇಗೆ ಎಂಬುದು ಅದರ ವಿಷಯ. ಬರೆದವರು ಡಿ. ಟಿ. ಎನ್. ವಿಲಿಯಮ್‌ಸನ್, ಸ್ಕಾಟ್ಲೆಂಡಿನವರು, ಆಗಿನ್ನೂ ಇಪ್ಪತ್ತನಾಲ್ಕರ ತರುಣ. ಮಾರ್ಕೋನಿ-ಓಸ್ರಾಂ ವಾಲ್ವ್ ಕಂಪೆನಿಯಲ್ಲಿ ಕೆಲಸಮಾಡಿ, ಅಲ್ಲಿಂದ ಎಡಿನ್‌ಬರೋದ ಫೆರಾಂಟಿ ಸಂಸ್ಥೆಗೆ ಆಗತಾನೆ ಬಂದಿದ್ದರು.

ಅಡುಗೆಮನೆಯ ಮೇಜಿನ ಮೇಲೆ ಯಂತ್ರ ಕಟ್ಟುವುದು ಆ ಜನಕ್ಕೆ ಹೊಸದಲ್ಲ. 1922ರಲ್ಲಿ ಬಿ.ಬಿ.ಸಿ. ಪ್ರಸಾರ ಮೊದಲಾದಾಗ, ಹರಳಿನ ರೇಡಿಯೋವನ್ನು ತಾವೇ ಜೋಡಿಸಿಕೊಂಡು ಕೇಳಿದವರು ಅಲ್ಲಿ ಅಸಂಖ್ಯ. ಇದೇ ಪತ್ರಿಕೆಯಲ್ಲಿ 1934ರಷ್ಟು ಹಿಂದೆಯೇ ಡಬ್ಲ್ಯೂ. ಟಿ. ಕಾಕಿಂಗ್ ಎಂಬುವರು ಮನೆಯಲ್ಲಿ ಕಟ್ಟಬಹುದಾದ ಒಳ್ಳೆಯ ಆಂಪ್ಲಿಫೈಯರೊಂದನ್ನು ವಿವರಿಸಿದ್ದರು. ಹಾಗಿದ್ದರೂ ವಿಲಿಯಮ್‌ಸನ್ನರ ಲೇಖನವನ್ನು ಒಂದು ಯುಗದ ಆರಂಭವೆಂದು ಇಂದಿಗೂ ಎಣಿಸುತ್ತಾರೆ. ಅಂಥದು ಅದರಲ್ಲಿ ಏನಿತ್ತು? ಅದಕ್ಕಿಂತಲೂ ನನ್ನನ್ನು ಕಾಡುವ ಪ್ರಶ್ನೆ ಇನ್ನೊಂದು: ಏನನ್ನೂ ಮುಚ್ಚಿಡದೆ ಬರೆದುಕೊಟ್ಟ ವಿದ್ಯೆ, ಓದಿದವರ ಕೈಗೆ ನಿಜವಾಗಿಯೂ ಬಂದು ಸೇರಿತೇ?

ಆಂಪ್ಲಿಫೈಯರ್ ಎಂದರೆ, ತಿರುಗುವ ತಟ್ಟೆಯ ಗೆರೆಯಲ್ಲಿ ಮುಳ್ಳು ಅಲುಗಿದಾಗ ಹುಟ್ಟುವ ಅತಿ ಕ್ಷೀಣವಾದ ವಿದ್ಯುತ್ತನ್ನು, ಸ್ಪೀಕರಿನ ಕಾಗದದ ಬುಟ್ಟಿಯನ್ನು ಅಲುಗಿಸುವಷ್ಟು ಬಲಪಡಿಸಿ ಕೊಡುವ ಸಾಧನ. ತಟ್ಟೆಯಲ್ಲೇ ಹುರುಳಿಲ್ಲದಿದ್ದರೆ ಈ ಸಾಧನ ಎಷ್ಟು ಚೆನ್ನಾಗಿದ್ದು ಏನು ಫಲ? ಯುದ್ಧಕ್ಕೆ ಮುಂಚೆ ಸ್ಥಿತಿ ಹಾಗೆಯೇ ಇತ್ತು. ಅದನ್ನು ಬದಲಾಯಿಸಿದ್ದು, ವಿಚಿತ್ರವೆನ್ನಿಸಬಹುದು, ಜಲಾಂತರ್ಗಾಮಿಗಳು. ನೀರಿನಡಿಯಲ್ಲಿ ಸಾಗುವ ಹಡಗು ಶತ್ರುವಿನದೋ ತಮ್ಮದೋ ಎಂದು ಸದ್ದಿನಿಂದಲೇ ಗುರುತಿಸಲು ಸೈನಿಕರಿಗೆ ತರಬೇತು ಕೊಡಬೇಕಾಗಿತ್ತು. ಆ ಎರಡು ಸದ್ದುಗಳ ಭೇದ ಅಡಗಿದ್ದದ್ದು ಅತಿ ಸೂಕ್ಷ್ಮವಾದ ಮೇಲು ಸ್ವರಗಳಲ್ಲಿ. ಅವುಗಳನ್ನು ಹಿಡಿಯುವ ತಟ್ಟೆಗಳನ್ನು ಡೆಕ್ಕಾ ಕಂಪೆನಿಯ ಆರ್ಥರ್ ಹ್ಯಾಡಿ ಮತ್ತು ಸಂಗಡಿಗರು ಸಿದ್ಧಪಡಿಸಿದರು. ಸೆಕೆಂಡಿಗೆ 14,000 ಕಂಪನಗಳವರೆಗೆ ಹಿಡಿಯಬಲ್ಲ ಅದೇ ವಿಧಾನದಲ್ಲಿ 1946ರಲ್ಲಿ ಎರ್ನೆಸ್ಟ್ ಆನ್ಸರ್ಮೆ ಅವರ ನಿರ್ದೇಶನದಲ್ಲಿ ಸ್ಟ್ರಾವಿನ್‌ಸ್ಕಿಯ ‘ಪೆತ್ರುಷ್ಕಾ’ ಧ್ವನಿಮುದ್ರಣವಾಯಿತು. ತಟ್ಟೆಯಲ್ಲಿ ಸಂಗೀತ ಬಂದು ಕುಳಿತಿತ್ತು. ಅದನ್ನು ಕೆಡಿಸದೆ ಕಿವಿಗೆ ಮುಟ್ಟಿಸುವ ಯಂತ್ರ ಸಾಮಾನ್ಯರ ಮನೆಗಳಲ್ಲಿ ಇರಲಿಲ್ಲ.

ಕೆಡಿಸುವುದು ಎಂದೆ. ತಂಬೂರಿಯ ಒಂದು ತಂತಿಯನ್ನು ಮೀಟಿದರೆ ಒಂದೇ ಸ್ವರ ಕೇಳುವುದಿಲ್ಲ. ಮೂಲಸ್ವರದ ಬೆನ್ನಿಗೆ ಅದರ ಇಮ್ಮಡಿ, ಮುಮ್ಮಡಿ ಕಂಪನಗಳ ಉಪಸ್ವರಗಳು ಮೇಳೈಸುತ್ತವೆ. ಅವು ತಂಬೂರಿಯ ಸ್ವಂತ ಆಸ್ತಿ. ವಾಲ್ವಿನ ಆಂಪ್ಲಿಫೈಯರ್ ಕೂಡ ತನ್ನ ಮೂಲಕ ಹಾಯುವ ಸ್ವರಕ್ಕೆ ಉಪಸ್ವರಗಳನ್ನು ಸೇರಿಸುತ್ತದೆ. ಇವು ಮಾತ್ರ ಕರೆಯದೆ ಬಂದ ನೆಂಟರು. ಒಂದು ವಾದ್ಯ ನುಡಿಯುವಾಗ ನೆಂಟರ ಗದ್ದಲ ಅಷ್ಟಾಗಿ ತಿಳಿಯದು. ಎಂಬತ್ತು ವಾದ್ಯಗಳ ಮೇಳದಲ್ಲಿ ಎಲ್ಲವೂ ಎಲ್ಲದರೊಡನೆ ಬೆರೆತು ಕಲಸುಮೇಲೋಗರವಾಗುತ್ತದೆ. ಅಂದಿನ ಸಾಧಾರಣ ರೇಡಿಯೋಗಳಲ್ಲಿದ್ದ ಪೆಂಟೋಡ್ ವಾಲ್ವಿನ ಶಕ್ತಿಯನ್ನು ಅಳೆಯುವಾಗ ಶೇಕಡಾ 10ರಷ್ಟು ವಿಕೃತಿಯನ್ನು ಒಪ್ಪಿಕೊಳ್ಳುವುದು ವಾಡಿಕೆಯಾಗಿತ್ತು. ವಿಲಿಯಮ್‌ಸನ್ನರು ತಮ್ಮ ಯಂತ್ರಕ್ಕೆ ಇಟ್ಟ ಗುರಿ, 15 ವಾಟ್ ಶಕ್ತಿಯಲ್ಲಿ ಶೇಕಡಾ 0.1ಕ್ಕಿಂತ ಕಡಿಮೆ. ಒಂದಲ್ಲ, ಎರಡಲ್ಲ, ನೂರು ಪಾಲು ಶುದ್ಧಿ!

ಸಾಧಿಸಿದ ರೀತಿಯಲ್ಲಿ ಬಿಡಿಬಿಡಿಯಾಗಿ ನೋಡಿದರೆ ಹೊಸದೇನೂ ಇರಲಿಲ್ಲವೆಂದೇ ಹೇಳಬೇಕು. ಕೊನೆಯ ಹಂತದಲ್ಲಿ ಕೆ.ಟಿ. 66 ಎಂಬ ಎರಡು ದೊಡ್ಡ ವಾಲ್ವುಗಳು. ಮರ ಕೊಯ್ಯುವವರು ಗರಗಸದ ಎರಡು ತುದಿ ಹಿಡಿದಂತೆ, ಒಂದು ಎಳೆಯುವಾಗ ಇನ್ನೊಂದು ಬಿಡುತ್ತದೆ. ಈ ಜೋಡಣೆ ಹಳೆಯದು. ಎರಡನೆಯ ಉಪಾಯ ನೆಗೆಟಿವ್ ಫೀಡ್‌ಬ್ಯಾಕ್. ಇದು ಹೊಳೆದದ್ದು 1927ರ ಆಗಸ್ಟ್ 2ರ ಬೆಳಿಗ್ಗೆ, ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರಿಗೆ. ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತಿದ್ದಾಗ, ಕೈಯಲ್ಲಿದ್ದ ‘ನ್ಯೂಯಾರ್ಕ್ ಟೈಮ್ಸ್’ ಹಾಳೆಯ ಮೇಲೆಯೇ ಅವರು ಅದರ ಚಿತ್ರ, ಸಮೀಕರಣ ಬರೆದುಕೊಂಡರು. ಹೊರಬಂದ ವಿದ್ಯುತ್ತಿನ ಒಂದಂಶವನ್ನು ತಲೆಕೆಳಗು ಮಾಡಿ ಪ್ರವೇಶದ್ವಾರಕ್ಕೆ ಮರಳಿಸಿದರೆ, ಯಂತ್ರ ತಾನು ಮಾಡಿದ ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳುತ್ತದೆ. ಬಲ ತಗ್ಗುತ್ತದೆ, ತಪ್ಪೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಬಲವನ್ನು ಇನ್ನೊಂದು ವಾಲ್ವು ಹಾಕಿ ಗಳಿಸಿಕೊಳ್ಳಬಹುದು, ಶುದ್ಧಿಯನ್ನು ಹಾಗೆ ಕೊಳ್ಳಲಾಗದು. ವಿಲಿಯಮ್‌ಸನ್ನರು ಬಳಸಿದ್ದು 20 ಡೆಸಿಬೆಲ್, ಅಂದರೆ ಹತ್ತು ಪಟ್ಟು ತಿದ್ದುಪಡಿ.

ನಿಜವಾದ ಕಷ್ಟ ಬರುವುದು ಇಲ್ಲಿಯೇ. ವಾಲ್ವಿಗೂ ಸ್ಪೀಕರಿಗೂ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇರಲೇಬೇಕು. ತಿದ್ದುಪಡಿಯ ಸಂದೇಶವನ್ನು ವಿಲಿಯಮ್‌ಸನ್ನರು ಅದರಿಂದ ಆಚೆಗೆ, ಸ್ಪೀಕರಿನ ಕಡೆಯಿಂದ ತೆಗೆದು, ನಾಲ್ಕು ಹಂತಗಳನ್ನು ದಾಟಿಸಿ ಮೊದಲ ವಾಲ್ವಿಗೆ ಮರಳಿಸಿದರು. ಸಭೆಗಳಲ್ಲಿ ಮೈಕು ಇದ್ದಕ್ಕಿದ್ದಂತೆ ಕುಯ್ ಎಂದು ಕೂಗುವುದನ್ನು ನಾವೆಲ್ಲ ಕೇಳಿದ್ದೇವೆ. ಸ್ಪೀಕರಿನ ಸದ್ದು ಮೈಕಿಗೆ ಮರಳಿ ಹೋಗಿ, ಸುತ್ತಿ ಸುತ್ತಿ ಬೆಳೆಯುವ ಅನರ್ಥ ಅದು. ತಿದ್ದುವುದಕ್ಕೆಂದು ಮರಳಿಸಿದ ಸಂದೇಶವೂ ದಾರಿಯಲ್ಲಿ ತಡವಾದರೆ, ತಿದ್ದುವ ಬದಲು ಕೂಗತೊಡಗುತ್ತದೆ. ತಡವಾಗಿಸುವುದರಲ್ಲಿ ಟ್ರಾನ್ಸ್‌ಫಾರ್ಮರಿನ ಪಾಲು ದೊಡ್ಡದು. ಆದ್ದರಿಂದ ಅದು ಮನುಷ್ಯನ ಕಿವಿಗೆ ಕೇಳುವ ಸ್ವರಗಳಿಗೆ ಮಾತ್ರವಲ್ಲ, ಅವುಗಳಿಗಿಂತ ಬಹು ಕೆಳಗಿನ ಮತ್ತು ಬಹು ಮೇಲಿನ ಕಂಪನಗಳಿಗೂ ನಿಷ್ಠವಾಗಿರಬೇಕು.

ಆದಕಾರಣ ಲೇಖನದ ಜೀವಾಳ ಮಂಡಲದ ನಕ್ಷೆಯಲ್ಲ, ತಂತಿ ಸುತ್ತುವ ಲೆಕ್ಕ ಎಂದು ನನ್ನ ಎಣಿಕೆ. ಒಂದು ಪದರಕ್ಕೆ 88 ಸುತ್ತು. ಅಂತಹ ಐದು ಪದರ ಸೇರಿ ಒಂದು ಭಾಗ. ಇಂತಹ ಹತ್ತು ಭಾಗ. ಒಟ್ಟು 4400 ಸುತ್ತು. ಭಾಗಭಾಗಗಳ ನಡುವೆ ಸ್ಪೀಕರಿನ ಕಡೆಯ ದಪ್ಪ ತಂತಿಯ ಸುರುಳಿಗಳು, ಚಿರೋಟಿಯ ಎಸಳುಗಳಂತೆ ಒಂದರ ಮೇಲೊಂದು. ತಂತಿ ಎಷ್ಟು ದಪ್ಪ, ಪದರಗಳ ನಡುವಣ ಕಾಗದ ಎಷ್ಟು ತೆಳು, ಎಲ್ಲವನ್ನೂ ಅವರು ಬರೆದರು. ಕಾರ್ಖಾನೆಯೊಂದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದಾಗಿದ್ದ ರಹಸ್ಯ, ತಿಂಗಳ ಪತ್ರಿಕೆ ಕೊಂಡ ಗುಮಾಸ್ತೆಯ ಮನೆಗೆ ಬಂತು.

ಅಂದಹಾಗೆ, ಈ ಯಂತ್ರ ಮಿತವ್ಯಯಿಯಲ್ಲ. ಸಂಗೀತವಿರಲಿ ಮೌನವಿರಲಿ, ಎರಡು ದೊಡ್ಡ ವಾಲ್ವುಗಳು 450 ವೋಲ್ಟಿನಲ್ಲಿ 125 ಮಿಲಿಆಂಪಿಯರ್ ಪ್ರವಾಹವನ್ನು ಸತತವಾಗಿ ಕುಡಿಯುತ್ತವೆ. ಐವತ್ತಕ್ಕೂ ಹೆಚ್ಚು ವಾಟ್ ಸುಟ್ಟು ಹದಿನೈದನ್ನು ಕೊಡುವ ದುಂದುಗಾರ, ಕಲ್ಲಿದ್ದಲಿಲ್ಲದ ವರ್ಷದಲ್ಲೇ ಹುಟ್ಟಿದ. ಚಳಿಯ ದೇಶದವರು ಆ ಬಿಸಿಗೆ ಕೈ ಕಾಯಿಸಿಕೊಂಡಿದ್ದರೆ ಆಶ್ಚರ್ಯವಿಲ್ಲ.

ಸಾಮಗ್ರಿಗೇನೂ ಬರವಿರಲಿಲ್ಲ. ಸೈನ್ಯ ಬೇಡವೆಂದು ಹೊರಹಾಕಿದ ವಾಲ್ವು, ಕೆಪಾಸಿಟರುಗಳನ್ನು ಲಂಡನ್ನಿನ ಲೈಲ್ ಸ್ಟ್ರೀಟಿನ ಅಂಗಡಿಗಳಲ್ಲಿ ಗುಡ್ಡೆಹಾಕಿ ಮಾರುತ್ತಿದ್ದರು. ತಗಡಿನ ತಟ್ಟೆಗೆ ತೂತು ಕೊರೆದು, ಬೆಸುಗೆ ಹಾಕಿ, ಸಂಜೆಗಳನ್ನೆಲ್ಲ ಅದಕ್ಕೇ ಸುರಿದು ಜನ ಕಟ್ಟಿದರು. ಬರೆದದ್ದನ್ನು ಬರೆದಂತೆ ಪಾಲಿಸಿದವರಿಗೆ ದೊರೆತ ಸಂಗೀತ, ಅವರು ಅಂಗಡಿಯಲ್ಲಿ ಎಂದೂ ಕೇಳಿರದಂಥದು. ಆದರೆ 4400 ಸುತ್ತನ್ನು ಕೈಯಿಂದ ಸುತ್ತುವ ತಾಳ್ಮೆ ಎಲ್ಲರಿಗೂ ಎಲ್ಲಿಯದು? ಪಾರ್ಟ್ರಿಜ್‌ನಂತಹ ಸಂಸ್ಥೆಗಳು ಇದಕ್ಕಾಗಿಯೇ ತಯಾರಿಸಿದ ಟ್ರಾನ್ಸ್‌ಫಾರ್ಮರುಗಳು ಅಗ್ಗದವಲ್ಲ. ಮಿಕ್ಕದ್ದನ್ನೆಲ್ಲ ನಕ್ಷೆಯಂತೆ ಜೋಡಿಸಿ, ಅದೊಂದನ್ನು ಮಾತ್ರ ಇದ್ದದ್ದರಲ್ಲಿ ಸಾಗಿಸಿಕೊಂಡವರು ಕೆಟ್ಟರು. ಅವರ ಯಂತ್ರ ಕೂಗುತ್ತಿತ್ತು, ಕಿವಿಗೆ ಕೇಳದ ಎತ್ತರದಲ್ಲಿ. ಸದ್ದಿಲ್ಲದೆ ವಾಲ್ವು ಕಾದು ಕೆಂಪಾಗುವುದು. ಅಥವಾ ತಟ್ಟೆ ನಿಂತ ಮೇಲೂ ಸ್ಪೀಕರಿನ ಬುಟ್ಟಿ ಮಲಗಿದ ಪ್ರಾಣಿಯ ಹೊಟ್ಟೆಯಂತೆ ನಿಧಾನವಾಗಿ ಏರಿ ಇಳಿಯುತ್ತಿರುವುದು. ಇಂತಹ ರೋಗವನ್ನು ಕಾಣುವುದಕ್ಕೆ ಆಸಿಲೊಸ್ಕೋಪ್ ಬೇಕು. ಗುಮಾಸ್ತೆಯ ಮನೆಯಲ್ಲಿ ಅದೆಲ್ಲಿಂದ ಬರಬೇಕು? ತನ್ನ ಯಂತ್ರ ಶೇಕಡಾ 0.1ರದೆಂದು ನಂಬಿ, ಕೆಟ್ಟದ್ದನ್ನು ಕೇಳುತ್ತಲೇ ಹೆಮ್ಮೆಪಟ್ಟವರೂ ಇದ್ದಿರಬೇಕು.

ವಿಲಿಯಮ್‌ಸನ್ನರು ಇದನ್ನು ಅಲಕ್ಷಿಸಲಿಲ್ಲ. 1949ರ ಆಗಸ್ಟಿನಲ್ಲಿ ಪರಿಷ್ಕೃತ ರೂಪವನ್ನು ಪ್ರಕಟಿಸಿ, ಮೇಲಿನ ಕೂಗನ್ನು ಹತೋಟಿಗೆ ತರಲು ಮೊದಲ ಹಂತಕ್ಕೆ ಒಂದು ಸಣ್ಣ ಕೆಪಾಸಿಟರನ್ನೂ ಒಂದು ರೆಸಿಸ್ಟರನ್ನೂ ಸೇರಿಸಿದರು. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ‘ಆಡಿಯೋ ಎಂಜಿನಿಯರಿಂಗ್’ ಪತ್ರಿಕೆಯಲ್ಲಿ ಡೇವಿಡ್ ಸಾರ್ಸರ್, ಮೆಲ್ವಿನ್ ಸ್ಪ್ರಿಂಕಲ್ ಇಬ್ಬರೂ ಇದನ್ನು ತಮ್ಮ ದೇಶಕ್ಕೆ ಹೊಂದಿಸಿ ಬರೆದರು. ಕೆ.ಟಿ. 66 ಬದಲು, ಯುದ್ಧಶೇಷವಾಗಿ ಅಗ್ಗಕ್ಕೆ ಸಿಗುತ್ತಿದ್ದ 807 ವಾಲ್ವು. ಹೆಸರು ‘ಸಂಗೀತಗಾರನ ಆಂಪ್ಲಿಫೈಯರ್’. ಹೆಸರು ಪೊಳ್ಳಲ್ಲ: ಸಾರ್ಸರ್ ಟಾಸ್ಕನೀನಿಯವರ ವಾದ್ಯಮೇಳದಲ್ಲಿ ಪಿಟೀಲು ನುಡಿಸುತ್ತಿದ್ದವರು. ದಿನವೂ ಮೇಳದ ನಡುವೆ ಕುಳಿತ ಕಿವಿ ಈ ಯಂತ್ರವನ್ನು ಒಪ್ಪಿತು ಎಂಬುದು, ಯಾವ ಅಳತೆಗೂ ಕಡಿಮೆಯಲ್ಲದ ಪ್ರಮಾಣಪತ್ರ.

ಟ್ರಾನ್ಸ್‌ಫಾರ್ಮರಿನ ತೊಡಕಿಗೆ ಪರಿಹಾರವೂ ಅಲ್ಲಿಂದಲೇ ಬಂತು. ಅದು ವಿದ್ಯೆಯಿಂದಲ್ಲ, ವ್ಯಾಪಾರದಿಂದ. ಮಿಷಿಗನ್ನಿನ ಹೀತ್ ಕಂಪೆನಿ 1950ರ ದಶಕದ ಆರಂಭದಲ್ಲಿ ವಿಲಿಯಮ್‌ಸನ್ ಮಾದರಿಯ ಬಿಡಿಭಾಗಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿ, ಟ್ರಾನ್ಸ್‌ಫಾರ್ಮರನ್ನೂ ಜೊತೆಗಿಟ್ಟು ಮಾರಿತು. ಸಂಗಡ ಬರುತ್ತಿದ್ದ ಪುಸ್ತಕದಲ್ಲಿ ಪ್ರತಿ ತಂತಿಗೂ ಒಂದು ವಾಕ್ಯ, ಪ್ರತಿ ವಾಕ್ಯಕ್ಕೂ ಕೆಲಸ ಮುಗಿದಾಗ ಗುರುತು ಹಾಕಲು ಒಂದು ಖಾಲಿ ಕಂಸ. ಸರ್ಕಿಟ್ಟಿನ ಗಂಧವಿಲ್ಲದವನೂ ಗುರುತು ಹಾಕುತ್ತ ಹೋದರೆ ಕಡೆಗೆ ಸಂಗೀತ ಹೊರಡುತ್ತಿತ್ತು. ಡೇವಿಡ್ ಹ್ಯಾಫ್ಲರ್ ಇನ್ನೂ ಮುಂದೆ ಹೋದರು. 1951ರಲ್ಲಿ ಹರ್ಬರ್ಟ್ ಕೆರೋಸ್ ಜೊತೆಗೂಡಿ, ಅವೇ ವಾಲ್ವುಗಳಿಂದ ಹೆಚ್ಚು ಶಕ್ತಿ ತೆಗೆಯುವ ‘ಅಲ್ಟ್ರಾ-ಲೀನಿಯರ್’ ಜೋಡಣೆಯನ್ನು ಪ್ರಚುರಪಡಿಸಿದರು. ಮುಂದೆ ಅವರ ಡೈನಕೋ ಸಂಸ್ಥೆ ಕಷ್ಟದ ಭಾಗವನ್ನೆಲ್ಲ ಮೊದಲೇ ಒಂದು ಹಲಗೆಯ ಮೇಲೆ ಜೋಡಿಸಿ ಕಳುಹಿಸಿತು. ಕೊಂಡವನಿಗೆ ಉಳಿದದ್ದು ಒಂದು ಸಂಜೆಯ ಕೆಲಸ.

ಇದನ್ನು ಕೈಕೆಲಸದ ಅವನತಿ ಎನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಕಂಸ ತುಂಬುತ್ತ ಕಟ್ಟಿದವನು ತಾನು ಅರಿಯದ್ದನ್ನು ಅರಿತೆನೆಂದು ಹೇಳಿಕೊಳ್ಳಲಿಲ್ಲ; ಟ್ರಾನ್ಸ್‌ಫಾರ್ಮರ್ ಬದಲಾಯಿಸಿ ಹೆಸರು ಮಾತ್ರ ಉಳಿಸಿಕೊಂಡವನಿಗಿಂತ ಅವನೇ ವಿಲಿಯಮ್‌ಸನ್ನರಿಗೆ ಹತ್ತಿರದವನು. ಆದರೆ 88 ಸುತ್ತು ಏಕೆ, 80 ಆದರೆ ಏನು ಕೆಡುತ್ತದೆ ಎಂದು ಕೇಳಿ ತಿಳಿದವನು ಇಬ್ಬರಿಗಿಂತಲೂ ಬೇರೆ. ಅಂಥವರು ಆಗಲೂ ಕೆಲವರೇ.

ವಿಲಿಯಮ್‌ಸನ್ನರು ತಮ್ಮ ಖ್ಯಾತಿಯ ಬಳಿ ಹೆಚ್ಚು ಕಾಲ ನಿಲ್ಲಲಿಲ್ಲ. ಪೀಟರ್ ವಾಕರ್ ಅವರೊಡನೆ ವಿದ್ಯುತ್‌ಸ್ಥಾಯಿ ಸ್ಪೀಕರಿನ ಮೇಲೆ ದುಡಿದರು. ಅದು 1957ರಲ್ಲಿ ‘ಕ್ವಾಡ್’ ಹೆಸರಿನಿಂದ ಮಾರುಕಟ್ಟೆಗೆ ಬಂತು. ಆಮೇಲೆ ಅಂಕಿಗಳ ಆಜ್ಞೆಯಂತೆ ಲೋಹ ಕೊರೆಯುವ ಯಂತ್ರಗಳ ಕಡೆ ತಿರುಗಿ, 1968ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಪಡೆದು, 1992ರಲ್ಲಿ ತೀರಿಕೊಂಡರು.

ಆ ವೇಳೆಗೆ ಟ್ರಾನ್ಸಿಸ್ಟರು ಬಂದು, ಮೊದಲಿಗೆ ಎಲ್ಲರ ತೊಡಕಾಗಿದ್ದ ಟ್ರಾನ್ಸ್‌ಫಾರ್ಮರನ್ನೇ ಹೊರಗಟ್ಟಿಯಾಗಿತ್ತು. 1969ರ ಏಪ್ರಿಲಿನಲ್ಲಿ, ಅದೇ ‘ವೈರ್‌ಲೆಸ್ ವರ್ಲ್ಡ್’ನಲ್ಲಿ, ಜಾನ್ ಲಿನ್ಸ್‌ಲಿ ಹುಡ್ ಎಂಬುವರು ಕೇವಲ ನಾಲ್ಕು ಟ್ರಾನ್ಸಿಸ್ಟರುಗಳ, 10 ವಾಟಿನ, ಮನೆಯಲ್ಲಿ ಕಟ್ಟಬಹುದಾದ ಆಂಪ್ಲಿಫೈಯರೊಂದನ್ನು ಪ್ರಕಟಿಸಿದರು. ಅದು ಚೆನ್ನಾಗಿದೆಯೆಂದು ಅವರಿಗೆ ತಿಳಿದದ್ದಾದರೂ ಹೇಗೆ? ಪಕ್ಕದಲ್ಲಿ ಇಟ್ಟು ಹೋಲಿಸಿ ಕೇಳಿದ್ದು, ಇಪ್ಪತ್ತೆರಡು ವರ್ಷ ಹಳೆಯದಾದ ವಿಲಿಯಮ್‌ಸನ್ನರ ವಿನ್ಯಾಸದ ಒಂದು ಆಂಪ್ಲಿಫೈಯರಿನೊಡನೆ.