ಪದಬಂಧದಿಂದ ಪೋಕರ್‌ವರೆಗೆ... ತಲೆ ಆಟವೋ, ಅದೃಷ್ಟದ ಆಟವೋ?

ಯುಗಾದಿಯ ಮಾರನೇ ದಿನ ನಮ್ಮ ಮಾಲೇಕಲ್ಲು ಕಡೆ ಹೊಸತೊಡಕು. ಮನೆ ಒಳಗೆ ಬಾಡೂಟದ ಘಮ, ಹೊರಗೆ ತೆಂಗಿನ ತೋಟದಲ್ಲಿ ಚಾಪೆ ಹಾಸಿಕೊಂಡು ಇಸ್ಪೀಟು. ಬೆಟ್ಟದ ಮೇಲಿಂದ ವೆಂಕಟರಮಣ ನೋಡ್ತಾ ಇದ್ದಾನೆ ಅನ್ನೋ ಹೆದರಿಕೆಯೂ ಯಾರಿಗೂ ಇಲ್ಲ :-) "ಇವತ್ತೊಂದು ದಿನ ಆಡಿದ್ರೆ ಪೊಲೀಸ್ನೋರು ಹಿಡಿಯಲ್ಲ" ಅನ್ನೋದು ಊರಿನ ನಂಬಿಕೆ. (ಕಾಯ್ದೆಯಲ್ಲಿ ಹಬ್ಬಕ್ಕೆ ಅಂತ ಯಾವ ವಿನಾಯಿತಿಯೂ ಇಲ್ಲ, ಹುಡುಕಿ ನೋಡಿದ್ದೇನೆ.)

2022ರ ಹೊಸತೊಡಕಿನ ದಿನ ಚಿಕ್ಕಪ್ಪ ತಮ್ಮ ಮೊಬೈಲ್ ತೋರಿಸಿ ಕೇಳಿದ್ದರು, "ನೋಡ್ಲಾ, ಈ ಫೋನ್ ರಮ್ಮಿ ಆಡಬೋದಾ? ಕಾನೂನಲ್ಲಿ ಏನೂ ತೊಂದ್ರೆ ಇಲ್ವಾ?" ನಾನು ಊರಿಗೊಬ್ಬ ಇಂಜಿನಿಯರ್ ಅನ್ನೋ ಗತ್ತಿನಲ್ಲಿ ಹೇಳಿದೆ, "ಆಡಬಹುದು ಚಿಕ್ಕಪ್ಪ, ಹೈಕೋರ್ಟೇ ಹೇಳಿದೆ. ಅದು ತಲೆ ಓಡಿಸೋ ಆಟ."

ಎರಡು ವರ್ಷ ತುಂಬೋದ್ರೊಳಗೆ ಎರಡು ಸಲದ ಕೊಬ್ಬರಿ ದುಡ್ಡು ಆ ಮೊಬೈಲಿನೊಳಗೆ ಹೋಯಿತು. ಚಿಕ್ಕಪ್ಪ ನನ್ನನ್ನು ಬೈಯಲಿಲ್ಲ. ಚಿಕ್ಕಮ್ಮ ಮಾತ್ರ ಒಂದು ಸಲ "ನೀನೇ ಹೇಳಿದ್ಯಂತಲ್ಲಪ್ಪ" ಅಂದರು. ಅಷ್ಟೇ.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ ಅಂತ ತಿಳಿದದ್ದು ಹಳೇ ತೀರ್ಪುಗಳನ್ನು ಓದೋಕೆ ಕೂತಾಗ. ಓದ್ತಾ ಹೋದ್ರೆ, ಈ ಕಥೆ ಇಸ್ಪೀಟಿನಿಂದ ಶುರುವಾಗೋದೇ ಇಲ್ಲ. ಪದಬಂಧದಿಂದ! ಅದೂ ನಮ್ಮ ಬೆಂಗಳೂರಿನಿಂದ!

1950ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ 'ಸ್ಪೋರ್ಟಿಂಗ್ ಸ್ಟಾರ್' ಅನ್ನೋ ಇಂಗ್ಲಿಷ್ ವಾರಪತ್ರಿಕೆ ಬರ್ತಾ ಇತ್ತು. ಅದರಲ್ಲಿ ಚಮರ್‌ಬಾಗ್‌ವಾಲಾ ಅನ್ನುವವರ ಆರ್.ಎಂ.ಡಿ.ಸಿ. ಕಂಪನಿಯ ಬಹುಮಾನದ ಪದಬಂಧ. ಶುಲ್ಕ ಕಟ್ಟಿ ಉತ್ತರ ಕಳಿಸಬೇಕು. ಪತ್ರಿಕೆ ಅಚ್ಚಾಗೋದು ಮೈಸೂರು ರಾಜ್ಯದಲ್ಲಿ, ಆದರೆ ಹೆಚ್ಚಿನ ಗಿರಾಕಿಗಳು ಮುಂಬಯಿ ರಾಜ್ಯದಲ್ಲಿ. ಮುಂಬಯಿ ಸರ್ಕಾರ ಸುಮ್ಮನಿರುತ್ತದೆಯೇ? 1948ರ ತನ್ನ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳ ಕಾಯ್ದೆಗೆ 1952ರಲ್ಲಿ ತಿದ್ದುಪಡಿ ತಂದು, ಹೊರರಾಜ್ಯದಲ್ಲಿ ಅಚ್ಚಾಗುವ ಪತ್ರಿಕೆಗಳ ಸ್ಪರ್ಧೆಗಳಿಗೂ ತೆರಿಗೆ ಹಾಕಿತು. ಕಂಪನಿ ಕೋರ್ಟಿಗೆ ಹೋಯಿತು. ಮುಂಬಯಿ ಹೈಕೋರ್ಟಿನಲ್ಲಿ ಗೆದ್ದಿತು. ಸುಪ್ರೀಂ ಕೋರ್ಟಿನಲ್ಲಿ ಸೋತಿತು.

ಪದಬಂಧ ಹೇಗೆ ಜೂಜಾಗುತ್ತೆ ಅಂತೀರಾ? ಒಂದೇ ಸುಳಿವಿಗೆ ಎರಡು ಪದ ಸಮನಾಗಿ ಹೊಂದುತ್ತವೆ ಅಂತಿಟ್ಟುಕೊಳ್ಳಿ. ಗೆಲ್ಲೋದು ಸರಿಯಾದ ಉತ್ತರ ಬರೆದವನಲ್ಲ, ಸಂಘಟಕರು ಯಾವ ಪದ ಇಟ್ಟುಕೊಂಡಿದ್ದಾರೋ ಅದನ್ನೇ ಊಹಿಸಿದವನು. ಭಾಷೆ ಬಂದರೆ ಸಾಲದು, ಅದೃಷ್ಟ ಬೇಕು.

1957ರ ಏಪ್ರಿಲ್ 9ರಂದು ಬಂದ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ಋಗ್ವೇದದ ಜೂಜುಕೋರನ ಗೋಳಿನಿಂದ ಹಿಡಿದು ಮಹಾಭಾರತದವರೆಗೆ ಎಲ್ಲವನ್ನೂ ನೆನೆದಿದ್ದಾರೆ. ಜೂಜು ಒಂದು ವ್ಯಾಪಾರವೇ ಅಲ್ಲ, ಹಾಗಾಗಿ ಅದಕ್ಕೆ ಸಂವಿಧಾನದ ರಕ್ಷಣೆಯಿಲ್ಲ ಅನ್ನೋದು ಸಾರ. ಅದೇ ದಿನದ ಇನ್ನೊಂದು ತೀರ್ಪು, 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆಯ ಬಗ್ಗೆ: ಗೆಲುವು ಗಣನೀಯ ಮಟ್ಟಿಗೆ ಕೌಶಲವನ್ನೇ ಅವಲಂಬಿಸಿದ್ದರೆ ಅದು ಜೂಜಲ್ಲ. ಮುಂದಿನ ವಾದಗಳೆಲ್ಲ ಈ ಎರಡು ತೀರ್ಪುಗಳ ಮೇಲೇ ನಿಂತಿವೆ.

ಇಸ್ಪೀಟಿನ ಸರದಿ ಬಂದದ್ದು 1967ರಲ್ಲಿ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲಿನ ಪೊಲೀಸ್ ದಾಳಿಯ ಪ್ರಕರಣ, ಆಂಧ್ರಪ್ರದೇಶ ಸರ್ಕಾರ ಮತ್ತು ಸತ್ಯನಾರಾಯಣ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಅಂತ ಲೆಕ್ಕ ಹಾಕಬೇಕು. ಹಾಗಾಗಿ ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆ ಆಟದ ಥರ ಅಲ್ಲ ಅಂದಿತು ಸುಪ್ರೀಂ ಕೋರ್ಟು.

ಮೊಬೈಲ್ ರಮ್ಮಿಯ ಜಾಹೀರಾತುಗಳಿಗೆ ಈ ಅರ್ಧ ಬಾಯಿಪಾಠವಾಗಿತ್ತು. ಅದೇ ತೀರ್ಪಿನಲ್ಲಿ ಇನ್ನರ್ಧ ಇದೆ ಸ್ವಾಮಿ! ಪಣವಿಟ್ಟು ಆಡುವ ಆಟದಿಂದ ಕ್ಲಬ್ಬಿನ ಮಾಲೀಕನೇ ಲಾಭ ಮಾಡ್ತಿದ್ದಾನೆ ಅಂತ ಸಾಕ್ಷ್ಯ ಸಿಕ್ಕಿದರೆ, ರಮ್ಮಿಯಾದರೂ ಅಪರಾಧ ಆಗಬಹುದು. ಅಂದರೆ ಕೋರ್ಟು ಕೇಳಿದ್ದು ಎರಡು ಪ್ರಶ್ನೆ. ಆಟ ಎಂಥದ್ದು? ಆಡಿಸೋನಿಗೆ ಏನು ಸಿಗುತ್ತೆ? ನಾನು ಚಿಕ್ಕಪ್ಪನಿಗೆ ಹೇಳಿದ್ದು ಮೊದಲನೆಯದರ ಉತ್ತರ ಮಾತ್ರ.

ಇನ್ನು ಪೋಕರ್. ನಮ್ಮ 1963ರ ಪೊಲೀಸ್ ಕಾಯ್ದೆಯ 176ನೇ ಕಲಮು ಕೇವಲ ಕೌಶಲದ ಆಟಗಳನ್ನು ಜೂಜಿನಿಂದ ಹೊರಗಿಟ್ಟಿತ್ತು. 2013ರ ಅಕ್ಟೋಬರಿನಲ್ಲಿ ಇಂಡಿಯನ್ ಪೋಕರ್ ಅಸೋಸಿಯೇಷನ್ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು, ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲ ಅಂದಿತು. 2017ರಲ್ಲಿ ಗುಜರಾತ್ ಹೈಕೋರ್ಟು ಪೋಕರ್ ಜೂಜೇ ಅಂದಿತು. ಅದೇ 52 ಎಲೆ, ಅದೇ ಆಟ. ರೈಲು ಹತ್ತಿ ಅಹಮದಾಬಾದಿಗೆ ಹೋಗಿ ಇಳಿದರೆ ಕೌಶಲ ಅದೃಷ್ಟ ಆಗಿಬಿಡುತ್ತೆ :-)

ನನ್ನ ಕೇಳಿದರೆ ಇಬ್ಬರ ಮಾತಲ್ಲೂ ಹುರುಳಿದೆ. ಲೆಕ್ಕ ನೋಡಿ. ಕೈಗೆ ಬರುವ ಮೊದಲೆರಡು ಎಲೆಗಳೂ ಎಕ್ಕವಾಗುವುದು 221ಕ್ಕೆ ಒಂದು ಸಲ. ಅದಕ್ಕಿಂತ ಒಳ್ಳೆ ಕೈ ಇಲ್ಲ. ಆದರೂ ಎದುರಿನವನ ಹತ್ತಿರ ಎರಡು ರಾಜ ಇದ್ದು ಕೊನೇ ಎಲೆವರೆಗೆ ಆಡಿದರೆ, ಎಕ್ಕದವನು ಐದರಲ್ಲಿ ಸುಮಾರು ಒಂದು ಸಲ ಸೋಲುತ್ತಾನೆ. ಒಂದು ಆಟದಲ್ಲಿ ಅದೃಷ್ಟ ದೊಡ್ಡದು. ಸಾವಿರಾರು ಆಟಗಳಲ್ಲಿ ಕೌಶಲ ಮೇಲೆ ಬರುತ್ತೆ. ಆದರೆ ಆ ಸಾವಿರಾರು ಆಟ ಮುಗಿಯೋವರೆಗೆ ಜೇಬಿನಲ್ಲಿ ದುಡ್ಡು ಉಳಿದಿರಬೇಕಲ್ಲ? ಚಿಕ್ಕಪ್ಪನ ಹತ್ತಿರ ಇದ್ದದ್ದು ಎರಡು ಸಲದ ಕೊಬ್ಬರಿ. ಅದೂ ಅಲ್ಲದೆ, ಪ್ರತಿ ಆಟದಲ್ಲೂ ಕಂಪನಿ ತನ್ನ ಪಾಲು ಎತ್ತಿಕೊಳ್ಳುವ ಕಡೆ, ಆಡುವವರೆಲ್ಲರ ಲೆಕ್ಕ ಒಟ್ಟು ಮಾಡಿದರೆ ಯಾವತ್ತೂ ನಷ್ಟವೇ. ಎಷ್ಟೇ ಜಾಣರಿದ್ದರೂ ಅಷ್ಟೇ. 1967ರ ಎರಡನೇ ಪ್ರಶ್ನೆ ಮತ್ತೆ ಬಂತು ನೋಡಿ.

2021ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು, ಕೌಶಲದ ಆಟವನ್ನೂ ಜೂಜನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ ಅಂತ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ನಾನು ತೋಟದಲ್ಲಿ ಗತ್ತಿನಿಂದ ಹೇಳಿದ್ದು ಇದನ್ನೇ.

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ಕೌಶಲವೋ ಅದೃಷ್ಟವೋ ಅಂತ ಅದು ಕೇಳೋದೇ ಇಲ್ಲ. ಆನ್‌ಲೈನಿನಲ್ಲಿ ಹಣ ಕಟ್ಟಿ, ಹಣ ಗೆಲ್ಲುವ ಆಸೆಯಿಂದ ಆಡುವ ಆಟವೇ? ಹಾಗಾದರೆ ನಿಷೇಧ. ಶಿಕ್ಷೆ ಆಡಿಸುವವರಿಗೆ, 3 ವರ್ಷದವರೆಗೆ ಜೈಲು ಅಥವಾ 1 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ. ಆಡಿದವರಿಗೆ ಶಿಕ್ಷೆಯಿಲ್ಲ. ಇದನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿದಂತೆ ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಅರ್ಜಿಗಳು ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ವರ್ಗವಾದವು.

ಎಲ್ಲವನ್ನೂ ಒಂದೇ ಏಟಿಗೆ ನಿಷೇಧಿಸಿದ್ದು ಸರಿಯೋ ತಪ್ಪೋ, ನಾನು ವಕೀಲನಲ್ಲ. ಚೆನ್ನಾಗಿ ಪೋಕರ್ ಆಡುವ ಗೆಳೆಯರಿದ್ದಾರೆ, ಅವರದು ನಿಜವಾದ ಕೌಶಲ, ಅನುಮಾನವಿಲ್ಲ. ಆದರೆ 'ಕೌಶಲದ ಆಟ' ಅನ್ನೋದು ಆಟಕ್ಕೆ ಕೊಟ್ಟ ಬಿರುದು, ಆಡುವವನಿಗೆ ಕೊಟ್ಟ ಭರವಸೆ ಅಲ್ಲ. ಆ ವ್ಯತ್ಯಾಸವನ್ನು ನಾನು ಚಿಕ್ಕಪ್ಪನಿಗೆ ಹೇಳಬೇಕಿತ್ತು.

ಕಳೆದ ಸಲ ಊರಿಗೆ ಹೋದಾಗ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಪದಬಂಧಾನೂ ಜೂಜೇನ್ಲಾ?" ಅಂತ ನಕ್ಕರು. ಹೊಸತೊಡಕಿಗೆ ಈಗಲೂ ಚಾಪೆ ಮೇಲೆ ಕೂರ್ತಾರೆ, ಹತ್ತು ರೂಪಾಯಿ ಆಟಕ್ಕೆ. ಅಲ್ಲಿ ಯಾರೂ ಪಾಲು ಎತ್ತಿಕೊಳ್ಳೋದಿಲ್ಲ.

ನಿಮ್ಮ ಊರಲ್ಲೂ ಹಬ್ಬಕ್ಕೆ ಇಸ್ಪೀಟು ಇದೆಯಾ? ಬರೆದು ತಿಳಿಸಿ.